ಕದ ಕಿತ್ತಿ ಹಾಸಿದ ಅಕ್ಕೋರು

ಹೋದ ವಾರ ನಮ್ಮ ಸಂಗೀತದ ಅಕ್ಕೋರು ಪಾಠ ಹೇಳೂದು ಬಿಟ್ಟು, ದೇವದುರ್ಗದಾಗ ತಂಗಿ ಮನಿಗೆ ಇರಾಕ ಹೋದ್ರು. ಕಳಿಸಿಕೊಡೂ ದಿನ ನಾಕು ಮಾತು ಯಾರರೆ ಆಡಬೇಕಲ್ಲ? ರಾಯಚೂರಾಗ ಅಷ್ಟು ಮಂದಿ ಇದ್ರೂ ಒಬ್ಬರೂ ಏಳಲಿಲ್ಲ. ಇವನ ಬಾಯಿಗೆ ಬೀಗ ಇಲ್ಲ, ಇವನೇ ಆಡ್ಲಿ ಅಂತ ಎಲ್ಲಾರೂ ಕೂಡಿ ನನ್ನ ಮುಂದ ನೂಕಿದ್ರು.

ನಾನು ಹುಟ್ಟಿದಾಗಿಂದ ಕಿವಿಗೊಟ್ಟು ಕೇಳಿದ ಭಾಷಣ ಒಂದೇ. ಅದು ನಮ್ಮ ಸಾಲಿ ಹೆಡ್‌ಮಾಸ್ತರು ತೀರಿಕೊಂಡಾಗ ಮಾಡಿದ್ದು. ಭಾಷಣ ಅಂದ್ರ ಹಂಗೇ ಇರ್ತದ ಅಂತ ತಿಳಿದು, ಅದನ್ನೇ ನೆನಪು ಮಾಡ್ಕೊಂಡು, ತಲಿ ಬಾಗಿಸಿ ಶುರು ಮಾಡಿದೆ. ಅಕ್ಕೋರ ಜಾಗ ತುಂಬೋರು ಇನ್ನ ಹುಟ್ಟಬೇಕು ಅಂದೆ. ಅವರು ಎಲ್ಲಿದ್ರೂ ಮ್ಯಾಲಿಂದ ನಮ್ಮನ್ನ ನೋಡ್ತಿರ್ತಾರ ಅಂದೆ. ಕಡೀಕ ಅವರ ಆತ್ಮಕ್ಕ ಶಾಂತಿ ಸಿಗ್ಲಿ ಅಂತ ಕೈ ಮುಗಿದು ಕಣ್ಣು ಮುಚ್ಚಿದೆ. ಮಂದಿನೂ ಪಾಪ, ರೂಢಿ ಮ್ಯಾಲೆ ಎದ್ದು ನಿಂತ್ರು. ಕಣ್ಣು ತೆರದು ನೋಡ್ತೀನಿ, ಅಕ್ಕೋರು ಕುರ್ಚಿ ಮ್ಯಾಲೆ ಹಾರ ಹಾಕ್ಕೊಂಡು ನನ್ನೇ ನೋಡಾಕತ್ತಾರ.

“ಸ್ವಲ್ಪ ತಡಿಯಪ್ಪಾ,” ಅಂದ್ರು, “ಇನ್ನೂ ಟಾಂಗಾ ಬಂದಿಲ್ಲ.”

ಆವತ್ತು ಆಡಬೇಕಾಗಿದ್ದು ಆಡಲಿಲ್ಲ ಅಂತ ಈಗ ಬರ್ಯಾಕತ್ತೀನಿ. ಇದನ್ನ ಓದಿ ಯಾರೂ ಎದ್ದು ನಿಲ್ಲೂ ಕೆಲಸ ಇಲ್ಲ. ಅಕ್ಕೋರ ಹೆಸ್ರು ಮಾತ್ರ ಹಾಕಂಗಿಲ್ಲ. ಹಾಕಿದ್ರ ದೇವದುರ್ಗದಿಂದ ಮುಂದಿನ ಮೋಟಾರಿಗೇ ಬಂದು, ನನ್ನ ಕೇಳಿ ಬರದಿ ಏನ್ಲೇ ಅಂತ ನಡು ಬಜಾರದಾಗ ಕಿವಿ ಹಿಂಡ್ತಾರ. ನನ್ನ ಕಿವಿ ಸಂಗೀತಕ್ಕಂತೂ ಉಪಯೋಗ ಬೀಳಲಿಲ್ಲ, ಹಿಂಡಾಕರೆ ಬರ್ಲಿ ಅನ್ನೂದು ಅವರ ಮೊದಲಿನ ಅಭಿಪ್ರಾಯ.

ಅಕ್ಕೋರು ಕರ್ರಗ, ದಪ್ಪಗ, ಎತ್ತರಾಗಿ ಇದ್ರು. ಸೆರಗು ಸೊಂಟಕ್ಕ ಸಿಗಿಸಿ ನಡದು ಬಂದ್ರ ತಾಲೀಮಿನ ಪೈಲ್ವಾನ ಬಂದಂಗ ಕಾಣಸ್ತಿತ್ತು. ಬಾಯಾಗ ಎಲಿ ಅಡಿಕಿ ಇದ್ದೇ ಇರ್ತಿತ್ತು. ಅದು ಎಡಗಲ್ಲದಾಗ ಇದ್ರ ಸಮಾಧಾನದಾಗ ಇದ್ದಾರ ಅಂತ, ಬಲಗಲ್ಲಕ್ಕ ಸರೀತು ಅಂದ್ರ ಯಾರಿಗೋ ಕಾದದ ಅಂತ ನಾವು ತಿಳ್ಕೊಂತಿದ್ವಿ. ಸಿಟ್ಟು ನೆತ್ತಿಗೇರಿದ್ರ ಕನ್ನಡ ಬಿಟ್ಟು ಉರ್ದುವಿಗೆ ಇಳೀತಿದ್ರು. “ಅರೇ ಮಿಯಾಂ” ಅನ್ನೂದು ಕಿವಿಗೆ ಬಿತ್ತಂದ್ರ ನಾನು ಚಪ್ಪಲಿ ಹುಡಕ್ತಿದ್ದೆ. ಒಂದು ಕಾಲಕ್ಕ ಅವರ ಧ್ವನಿ ಗಂಟಿ ಬಾರಿಸಿದಂಗ ಇತ್ತಂತ. ನಾನು ಹೋಗೂ ಹೊತ್ತಿಗೆ ಮ್ಯಾಲಿನ ಸ್ವರಕ್ಕ ಏರಿದ್ರ ಒಡದ ಗಡಿಗಿಯಂಗ ಆಗ್ತಿತ್ತು. ಆದ್ರ ಒಡದ ಗಡಿಗಿನೂ ಸೀದಾ ತನ್ನ ಜಾಗಕ್ಕೇ ಹೋಗಿ ಕೂಡ್ತಿತ್ತು, ಅತ್ಲಾಗ ಇತ್ಲಾಗ ಹೊಳ್ಳತಿದ್ದಿಲ್ಲ.

ಮತ್ತ ಅವರ ಹಿಮ್ಮಡ. ಅಕ್ಕೋರ ಬಲಗಾಲಿನ ಹಿಮ್ಮಡ ಎಂದೂ ಸುಮ್ಮನ ಇರ್ತಿದ್ದಿಲ್ಲ. ಕುಂತ್ರ, ನಿಂತ್ರ, ಬದನಿಕಾಯಿ ಚೌಕಾಸಿ ಮಾಡಿದ್ರ, ದಬ್ ದಬ್ ಅಂತ ನೆಲಕ್ಕ ತಾಳ ಹಾಕ್ತಿತ್ತು. ಕಾಯಿಪಲ್ಯದಾಕಿ ಆ ತಾಳಕ್ಕ ತಲಿ ತೂಗಿ ಎರಡು ಬದನಿಕಾಯಿ ಜಾಸ್ತಿ ಹಾಕಿದ್ದು ನಾನೇ ಕಣ್ಣಾರೆ ನೋಡೀನಿ.

ನಾನು ಅವರ ಹತ್ರ ಹೋಗಿದ್ದು ಕಲಿಯೂ ಆಸಿಗೆ ಅಲ್ಲ. ನಾನು ಬಚ್ಚಲದಾಗ ಹಾಡಿದ್ರ ಬಾಜೂ ಮನಿ ಎಮ್ಮಿ ಹಾಲು ಬಿಡವಲ್ದು ಅಂತ ಬಾಜೂ ಮನಿಯಾಕಿ ನಮ್ಮವ್ವನ ಕೂಡ ಜಗಳಕ್ಕ ಬಂದ್ಲು. ನಮ್ಮವ್ವ ನನ್ನ ರಟ್ಟಿ ಹಿಡಕೊಂಡು, ಮಾವಿನ ಕೆರಿ ಹತ್ರ ಇದ್ದ ಅಕ್ಕೋರ ಮನಿಗೆ ಎಳಕೊಂಡು ಹೋದ್ಲು. ಒಂದೋ ಇವಗ ಹಾಡಾಕ ಕಲಿಸ್ರಿ, ಇಲ್ಲಾ ಹಾಡದಂಗ ಇರಾಕ ಕಲಿಸ್ರಿ ಅಂದ್ಲು. ಅಕ್ಕೋರು ಸಾ ಹಚ್ಚು ಅಂದ್ರು. ಹಚ್ಚಿದೆ. ಖೋಲಿ ನಡುವ ಪೇಟಿ, ಅಂದ್ರ ಹಾರ್ಮೋನಿಯಂ, ಮುಂದಿಟಗೊಂಡು ಒಬ್ಬ ಹುಡುಗ ಕುಂತಿದ್ದ. ಪೋತ್ನಾಳದಾಂವ, ಹನುಮಂತ ಅಂತ. ಕೂಲಿ ಮಾಡೋರ ಮಗ, ಹುಟ್ಟಿನಿಂದ ಕಣ್ಣು ಕಾಣ್ತಿದ್ದಿಲ್ಲ. ಅಂವ ನನ್ನ ಸಾ ಬಂದ ಕಡೀಕ ಮಾರಿ ತಿರುವಿ, ಭಾಳ ಗಂಭೀರಾಗಿ ಕೇಳಿದ:

“ಅಕ್ಕೋರೇ, ಇದು ಯಾವ ವಾದ್ಯ?”

ಆವತ್ತಿನಿಂದ ಹನುಮಂತ ನನ್ನ ಜೀವದ ಗೆಳೆಯ.

ಅಕ್ಕೋರ ಪಾಠದ ಖೋಲಿಯೊಳಗ ಒಂದು ಕಾಯ್ದೆ ಇತ್ತು. ಅಲ್ಲಿದ್ದ ಯಾವ ಸಾಮಾನೂ ಇದ್ದ ಜಾಗ ಬಿಟ್ಟು ಸರೀಬಾರ್ದು. ತಂಬೂರಿ ಆ ಗೋಡಿಗೆ, ನೀರಿನ ಕೊಡ ಈ ಮೂಲಿಗೆ, ಪೇಟಿ ನಡುವ. ಹನುಮಂತ ಕೋಲು ಇಲ್ದಂಗ ಒಳಗ ಬಂದು, ತನ್ನ ಜಾಗಕ್ಕ ತಾನೇ ಕೂಡಬೇಕು, ನೀರಡಿಸಿದ್ರ ತಾನೇ ಎದ್ದು ಕುಡೀಬೇಕು, ಯಾರೂ ಕೈ ಹಿಡೀಬಾರ್ದು. ನಾನು ಹೋದ ಎರಡನೇ ದಿನವೇ ನೀರು ಕುಡದು ಕೊಡ ದಾರಿಯಾಗ ಇಟ್ಟೆ. ಹನುಮಂತ ನೆಟ್ಟಗ ಬಂದು ಕೊಡದಾಗ ಕಾಲಿಟ್ಟ. ಅಕ್ಕೋರ ಅಡಿಕಿ ಬಲಗಲ್ಲಕ್ಕ ಬಂತು. ನನ್ನ ಕಣ್ಣಿಗೆ ಅರಿವಿ ಕಟ್ಟಿ, ಸಂಜೀತನಕ ಆ ಖೋಲಿಯಾಗ ಎಲ್ಲಾರಿಗೂ ನೀರು ಕೊಡಾಕ ಹಚ್ಚಿದ್ರು. ನಾಕು ಮಂದಿಗೆ ನೀರು ಕುಡಿಸಿದೆ, ಐದು ಮಂದಿಗೆ ಸ್ನಾನ ಮಾಡಿಸಿದೆ.

ಪೇಟಿಯ ಮನಿ, ಅಂದ್ರ ಬೆರಳಿಂದ ಒತ್ತೂ ಪಟ್ಟಿ, ಅದರ ಮ್ಯಾಲೆ ಅಲ್ಲಲ್ಲಿ ಅರಗಿನ ಚುಕ್ಕಿ ಇಟ್ಟಿದ್ರು, ಹನುಮಂತನ ಬೆರಳು ಸಾ ಎಲ್ಲದ, ಪಾ ಎಲ್ಲದ ಅಂತ ತಡವಿ ಹಿಡೀಲಿ ಅಂತ. ತಾಳ ಬರದು ತೋರಸ್ಬೇಕಂದ್ರ ಅವಗ ಪಾಟಿ ಬಳಪ ಉಪಯೋಗ ಇಲ್ಲ. ಅದಕ್ಕ ಅಕ್ಕೋರು ತಾಟಿನಾಗ ಕಾಳು ಸಾಲಾಗಿ ಇಡ್ತಿದ್ರು. ಸಾದಾ ಪೆಟ್ಟಿಗೆ ಪುಟಾಣಿ, ಮೊದಲ್ನೇ ಪೆಟ್ಟಿಗೆ ಶೇಂಗಾ. ಆ ಮೊದಲ್ನೇ ಪೆಟ್ಟಿಗೆ ಸಮ ಅಂತಾರ, ಹಾಡೋರು ಬಾರಸೋರು ಸುತ್ತಿ ಸುತ್ತಿ ಬಂದು ಕೂಡೂ ಜಾಗ ಅದು. ಹನುಮಂತ ಬೆರಳಾಡಿಸಿ ಓದ್ಕೊಂತಿದ್ದ. ಒಂದು ದಿನ ನನಗ ಮಧ್ಯಾಹ್ನದ ಊಟ ತಡಾ ಆಗಿತ್ತು.

“ಅಕ್ಕೋರೇ, ಇವತ್ತಿನ ತಾಳದಾಗ ಸಮ ಸಿಗವಲ್ದು,” ಅಂದ ಹನುಮಂತ.

ಅಕ್ಕೋರು ನನ್ನ ಬಾಯಿ ನೋಡಿದ್ರು. “ಸಮ ಇವನ ಹೊಟ್ಯಾಗ ಅದ,” ಅಂದ್ರು.

ಹನುಮಂತ ಬಂದಮ್ಯಾಲೆ ಕೆಲವರು ತಮ್ಮ ಹುಡುಗರನ್ನ ಬಿಡಿಸ್ಕೊಂಡು ಹೋದ್ರಂತ. ಕಣ್ಣಿಲ್ದಾವ್ನ ಸಲುವಾಗಿ ಕೊಡ ಸರಸಂಗಿಲ್ಲ, ಪೇಟಿಗೆ ಅರಗು ಹಚ್ಚೋದು, ಇದೇನು ಪಾಠನ ಅಂತ ಒಬ್ಬರು ಕೇಳೇಬಿಟ್ಟಿದ್ರಂತ. ಅಕ್ಕೋರು, ಅಂಗಿ ಬಿಗಿ ಆದ್ರ ಅಂಗಿ ಬಿಚ್ಚಿ ಹೊಲಸ್ತೀರೋ, ತೋಳು ಕತ್ತರಸ್ತೀರೋ ಅಂತ ಕೇಳಿ ಬದನಿಕಾಯಿ ಹೆಚ್ಚಾಕ ಹೋದ್ರಂತ. ಅದು ನಾನು ಬರೂಕಿಂತ ಮೊದಲಿನ ಮಾತು. ನಾನು ಬಂದಮ್ಯಾಲೆ ಬಿಟ್ಟು ಹೋದೋರೆಲ್ಲಾ ನನ್ನ ಧ್ವನಿ ಸಲುವಾಗಿ ಹೋದೋರು, ಅದರ ಲೆಕ್ಕ ಬ್ಯಾರೆ.

ಇನ್ನ ನೀಲವ್ವನ ಮಾತು. ಅಕ್ಕೋರು ಎಂಥೋರು ಅಂತ ತಿಳೀಬೇಕಂದ್ರ ಇದು ಬೇಕು.

ನೀಲವ್ವ ಮಾನ್ವಿಯ ಹತ್ತಿ ಅಡತಿ ಸಾವ್ಕಾರ್ರ ಮಗಳು. ಐದಾರು ವರ್ಷದಾಕಿ ಇದ್ದಾಗ ಜ್ವರ ಬಂದು ಎರಡೂ ಕಿವಿ ಹೋಗಿದ್ವು. ಮೊದಲು ಕಲ್ತ ನಾಕು ಮಾತು ಬಾಯಾಗ ಉಳದಿದ್ವು. ತನ್ನ ಧ್ವನಿ ತನಗ ಕೇಳ್ತಿದ್ದಿಲ್ಲಂತ ಅವನ್ನ ಒದರೇ ಆಡ್ತಿದ್ಲು. ಹತ್ತು ಹನ್ನೊಂದು ವರ್ಷದಾಕಿ ಆದಾಗ, ರಾಯಚೂರಿನ ಡಾಕ್ಟರಿಗೆ ತೋರಸಾಕಂತ ಅವರಪ್ಪ ಕರ್ಕೊಂಡು ಬಂದಿದ್ರು. ಡಾಕ್ಟರು ಕೈ ಚೆಲ್ಲಿದ್ರು. ಹೊಳ್ಳಿ ಹೋಗೂ ಮುಂದ ಟಾಂಗಾದ ಗಾಲಿ ಅಕ್ಕೋರ ಮನಿ ಮುಂದ ಕೆಟ್ಟು ನಿಂತಿತು. ಅದನ್ನ ಸುಧಾರಿಸೂತನಕ ನೆಳ್ಳಾಗ ಇರ್ಲಿ ಅಂತ ಹುಡುಗಿನ್ನ ಪಡಸಾಲ್ಯಾಗ ಕೂಡಿಸಿದ್ರು. ಒಳಗ ಅಕ್ಕೋರು ತಬಲಾ ಬಾರಸಾಕತ್ತಿದ್ರು. ನಡುವಿನ ಕದ ಮುಚ್ಚಿತ್ತು.

ನಾನು ತಡಾ ಮಾಡಿ ಬಂದಾಂವ, ಬೈಗಳ ತಿನ್ನೂ ಧೈರ್ಯ ಸಾಲದ ಪಡಸಾಲ್ಯಾಗೇ ನಿಂತಿದ್ದೆ. ಈ ಹುಡುಗಿ ಎದ್ದು ಹೋಗಿ ಕದಕ್ಕ ಕೈ ಹಚ್ಚಿದ್ಲು. ಆಮ್ಯಾಲೆ ಗಲ್ಲ ಹಚ್ಚಿದ್ಲು. ಆಮ್ಯಾಲೆ ಕಣ್ಣು ಮುಚ್ಚಿ, ಬೆರಳಿಂದ ಕದದ ಮ್ಯಾಲೆ ಟಕ್ ಟಕ್ ಅನ್ನಾಕ ಶುರು ಮಾಡಿದ್ಲು. ಒಳಗಿನ ತಾಳ ಬಿಡಲಿಲ್ಲ, ಹಿಂದ ಬೀಳಲಿಲ್ಲ. ಅಕ್ಕೋರು ಬಾರಸೋದು ನಿಲ್ಸಿದ್ರು, ಆಕಿ ಬೆರಳೂ ನಿಂತಿತು. ಒಳಗಿಂದ ಅಕ್ಕೋರು, ಹೊರಗ ಯಾರದಾರ ಅಂತ ಕೇಳಿದ್ರು. ನಾನ್ರಿ ಅಂದೆ. ನೀ ಅಲ್ಲ, ಸರಿಯಾಗಿ ಬಾರಸೋರು ಯಾರು ಅಂದ್ರು.

ಮಾರನೇ ದಿನ ಹೋಗ್ತೀನಿ, ನಡುವಿನ ಕದ ಇಲ್ಲ. ಹಳೇ ಸಾಗವಾನಿ ಕದ, ತಿರುಗುಣಿಯಿಂದ ಎತ್ತಿ ತಂದು, ಎರಡು ಊಟದ ಮಣಿ ಮ್ಯಾಲೆ ಅಡ್ಡ ಹಾಸಿದ್ರು. ಮ್ಯಾಲೆ ತಬಲಾ, ಪೇಟಿ. ಒಂದು ತುದಿಗೆ ಅಕ್ಕೋರು ಕುಂತು ಹಿಮ್ಮಡದಿಂದ ದಬ್ ದಬ್ ಅಂತಾರ, ಇನ್ನೊಂದು ತುದಿಗೆ ನೀಲವ್ವ ಬರಿಗಾಲಾಗ ಕುಂತು ಅದನ್ನ ಅಂಗಾಲಿನಿಂದ ಕುಡೀತಾಳ. ಹನುಮಂತ ಪೇಟಿ ಒತ್ತಿದ್ರ ಅದರ ಗುಂಯ್ ಅನ್ನೂದೂ ಆಕಿ ಕಾಲಿಗೆ ಹೋಗ್ತಿತ್ತು. ನಗಾಕತ್ತಿದ್ಲು ಹುಡುಗಿ. ನಾನು ಹತ್ತಿ ಕುಂತೆ. ಕದ ಕಿರ್ ಅಂತು. ಇಳಿ ಕೆಳಗ ಅಂದ್ರು.

ಮನಿಗೆ ಬಂದೋರು ಕದ ಎಲ್ಲಿ ಹೋತ್ರಿ ಅಂತ ಕೇಳಿದ್ರ, ಅಕ್ಕೋರು ಅದು ಸಂಗೀತ ಕಲ್ಯಾಕತ್ತದ ಅಂತಿದ್ರು. ಒಳಗಿನ ಖೋಲಿಗೆ ಒಂದು ಹಳೇ ಸೀರಿ ಕಟ್ಟಿ ವರ್ಷಗಟ್ಲೆ ಜೀವನ ಮಾಡಿದ್ರು.

ನನ್ನ ಪಾಠ ಮಾತ್ರ ಮುಂದ ಹೋಗ್ಲೇ ಇಲ್ಲ. ಒಂದು ದಿನ ಅಕ್ಕೋರು ನನ್ನ ಮುಂದ ಕೂಡಿಸ್ಕೊಂಡು ಭಾಳ ಹೊತ್ತು ಮಾರಿ ನೋಡಿದ್ರು. “ಹನುಮಂತಗ ಕಣ್ಣಿಲ್ಲ, ಅರಗು ಹಚ್ಚಿದೆ. ನೀಲವ್ವಗ ಕಿವಿ ಇಲ್ಲ, ಕದ ಹಾಸಿದೆ. ನಿನಗ ಎಲ್ಲಾ ಅದಾವಲ್ಲೋ ಯಪ್ಪಾ, ನಿನಗೇನು ಮಾಡ್ಲಿ?” ಅಂದ್ರು. ಸಿಟ್ಟಿನಿಂದ ಅಲ್ಲ, ಖರೇನೇ ತಿಳೀದ ಕೇಳಿದ್ರು. ಆಮ್ಯಾಲೆ ಅವರಿಗೇ ಹೊಳೀತು. ಒಂದು ದಾರ ತಂದು, ಒಂದು ತುದಿ ನನ್ನ ಮಣಿಕಟ್ಟಿಗೆ, ಇನ್ನೊಂದು ತುದಿ ನೀಲವ್ವನ ಮಣಿಕಟ್ಟಿಗೆ ಕಟ್ಟಿದ್ರು. ನನ್ನ ಕೈಯಾಗ ಎರಡು ಕಂಚಿನ ತಾಳ ಕೊಟ್ರು. ಸಮ ಬಂತಂದ್ರ ನೀಲವ್ವ ದಾರ ಜಗ್ಗಬೇಕು, ನಾನು ಝಣ್ ಅನ್ನಿಸ್ಬೇಕು. ಮೊದಲ್ನೇ ಸಲ ಆಕಿ ಜಗ್ಗಿದ ರಭಸಕ್ಕ ನಾನು ತಂಬೂರಿ ಮ್ಯಾಲೆ ಬಿದ್ದೆ. ಆದ್ರ ಬಿದ್ದದ್ದು ಸಮಕ್ಕೇ ಬಿದ್ದೆ, ಅಕ್ಕೋರು ಶಾಭಾಸ್ ಅಂದ್ರು. ಹಿಂಗ ಎರಡೂ ಕಿವಿ ಇದ್ದ ನನಗ ತಾಳ ಕಲಿಸಿದಾಕಿ ಕಿವಿ ಇಲ್ದ ನೀಲವ್ವ.

ಸಾವ್ಕಾರ್ರು ಮಗಳನ್ನ ರಾಯಚೂರಾಗ ಚಿಗವ್ವನ ಮನಿಯಾಗ ಬಿಟ್ಟಿದ್ರು, ಆದ್ರ ಒಂದು ಕರಾರಿನ ಮ್ಯಾಲೆ. ಒಂದು ವರ್ಷ ಕಲೀಲಿ. ಆಮ್ಯಾಲೆ ಮಾನ್ವಿಯಾಗ ನಮ್ಮ ಮಂದಿ ಮುಂದ ಒಂದು ಸಲ ತಬಲಾ ಬಾರಸ್ಲಿ. ಮಂದಿ ನಕ್ರು ಅಂದ್ರ ಪಾಠ ಮುಗೀತು, ಹುಡುಗಿ ಮನಿಯಾಗ ಇರ್ತಾಳ. ಅವರು ಕೆಟ್ಟವರಲ್ಲ. ಅವರಿಗೆ ಒಂದು ಹೆದರಿಕಿ ಇತ್ತು. ಹಿಂದ ಒಂದು ಮದುವ್ಯಾಗ ಹೆಣ್ಮಕ್ಕಳು ಹಾಡು ಹೇಳಿ ಮುಗಿಸಿದಮ್ಯಾಲೂ, ನೀಲವ್ವ ಕಣ್ಣು ಮುಚ್ಚಿ ಚಪ್ಪಾಳಿ ಹೊಡಕೊಂತ ಕುಂತಿದ್ಲಂತ. ಹಂದರದ ಮಂದಿಯೆಲ್ಲಾ ಹೊಟ್ಟಿ ಹಿಡಕೊಂಡು ನಕ್ಕಿತ್ತಂತ. ಸಾವ್ಕಾರ್ರು ಮಗಳನ್ನ ಎತ್ಕೊಂಡು ಹೊರಗ ನಡದಿದ್ರಂತ.

“ಹಾಡು ನಿಂತಾಗ ಆಕಿ ಕೈ ನಿಲ್ಲಬೇಕು ಅಕ್ಕೋರೇ. ನನಗ ಅಷ್ಟೇ ಸಾಕು,” ಅಂದಿದ್ರು.

ವರ್ಷ ತುಂಬೂ ಹೊತ್ತಿಗೆ ನೀಲವ್ವನ ಅಣ್ಣಗ ಗಂಡು ಹುಟ್ಟಿತು. ತೊಟ್ಲ ಕಾರ್ಯಕ್ಕ ಬೀಗರು ಬಿಜ್ಜರು ಎಲ್ಲಾ ಕೂಡ್ತಾರ, ಅಲ್ಲೇ ಬಾರಸ್ಲಿ ಅಂತ ಹೇಳಿ ಕಳಿಸಿದ್ರು. ಅಕ್ಕೋರು ಹೂಂ ಅಂದ್ರು. ಅಂದಮ್ಯಾಲೆ ಅವರು ಮಲಗಿದ್ದು ನಾನು ಕಾಣೆ. ಮುಂಜಾನಿ ಹೋದ್ರ ಹಿಮ್ಮಡ ದಬ್ ದಬ್, ಸಂಜೀಕ ಹೋದ್ರ ಹಿಮ್ಮಡ ದಬ್ ದಬ್. ಹಾಡು ಒಮ್ಮಿಂದೊಮ್ಮಿಲೆ ನಿಲ್ಸೋದು, ನೀಲವ್ವನ ಕೈ ನಿಂತದೋ ಇಲ್ಲೋ ನೋಡೋದು. ಕಣ್ಣು ಒಳಗ ಹೋಗಿದ್ವು. ಎಲಿ ಅಡಿಕಿನೂ ಮರತಿದ್ರು, ಯಾವ ಗಲ್ಲ ನೋಡಿ ಹವಾ ತಿಳೀಬೇಕು ಅಂತ ನಮಗ ತಿಳೀಲಿಲ್ಲ.

ಪೇಟಿಗೆ ಹನುಮಂತ ಹೊಂಟಿದ್ದ, ಆದ್ರ ಮಾನ್ವಿಗೆ ಕದ ಒಯ್ಯಬೇಕಲ್ಲ? ಕದ ಹೊರಾಕ ಒಬ್ಬ ಗಟ್ಟಿ ಆಳು ಬೇಕು ಅಂತ ನನ್ನ ಕರ್ಕೊಂಡ್ರು. ಬಂದ ತಪ್ಪಿಗೆ ಕೈಯಾಗ ತಾಳನೂ ಇರ್ಲಿ ಅಂದ್ರು. ಅವಾಗ ಎರಡನೇ ಮಹಾಯುದ್ಧದ ಲಡಾಯಿ ಇನ್ನೂ ನಡದಿತ್ತು, ಪೆಟ್ರೋಲು ಇಲ್ಲ, ಇದ್ದಲಿ ಮೋಟಾರು. ಹಿಂದ ಒಂದು ಒಲಿ ಕಟಗೊಂಡು ಹೊಗಿ ಉಗುಳಕೋಂತ ಹೋಗೂ ಬಸ್ಸು. ನಾನು ಕದ ಹೊತ್ಕೊಂಡು ಮೋಟಾರು ಸ್ಟ್ಯಾಂಡಿಗೆ ಬಂದಾಗ ಕ್ಲೀನರ, ಮನಿ ಹಿಂದ ಬರ್ತದೇನು ಅಂತ ಕೇಳಿದ. ಕದ ಮ್ಯಾಲೆ ಏರಿಸಿ ಕಟ್ಟಿ, ಅದನ್ನ ಕಾಯಾಕ ನನ್ನನ್ನೂ ಮ್ಯಾಲೇ ಕೂಡಿಸಿದ್ರು. ಕಲ್ಲೂರು ಬರೂದ್ರಾಗ ಒಲಿ ಆರಿ ಮೋಟಾರು ನಿಂತಿತು. ಇಳದು ಎಲ್ಲಾರೂ ನೂಕಿದ್ರು. ನೀರಮಾನ್ವಿ ದಾಟೂ ಹೊತ್ತಿಗೆ ಹೊಗಿ ಬಡದು ನನ್ನ ಮಾರಿ ಎಷ್ಟು ಕರ್ರಗ ಆಗಿತ್ತಂದ್ರ, ಸಾವ್ಕಾರ್ರ ಮನಿ ಮುಂದ ಇಳದಾಗ ಅವರು ಅಕ್ಕೋರಿಗೆ, ನಿಮ್ಮ ತಮ್ಮೇನ್ರಿ ಅಂತ ಕೇಳಿದ್ರು.

ಇಲ್ಲಿ ನನ್ನ ಪರಾಕ್ರಮ ಬರ್ತದ. ಅಕ್ಕೋರು ನೀಲವ್ವನ ಕರ್ಕೊಂಡು ಒಳಗ ಹೆಣ್ಮಕ್ಕಳ ಕಡೀಕ ಹೋದ್ರು. ಹೋಗೂ ಮುಂದ, ರಾಯಚೂರಾಗ ಹೆಂಗ ಇಟ್ಟೀವಿ ಹಂಗೇ ಇಡು, ಮಣಿ ಇವರ ಮನಿಯಾಗ ಅದಾವ ಅಂತ ಹೇಳಿದ್ರು. ನಾನು ನೋಡ್ತೀನಿ, ದೊಡ್ಡ ಪಡಸಾಲಿ, ಕನ್ನಡಿಯಂಥಾ ಕಲ್ಲಿನ ನೆಲ, ಜರದ ರುಮಾಲಿನ ಬೀಗರು. ಮಣಿಯೆಲ್ಲಾ ಹಿರ್ಯಾರ ಕೆಳಗ. ಇಂಥಾ ಮನಿಯಾಗ ನಮ್ಮ ಕದ, ಚಿಲಕದ ತೂತು ಬಿದ್ದದ್ದು, ಹೆಂಗ ಇಡೋದು? ಅಕ್ಕೋರ ಮರ್ಯಾದಿ ಪ್ರಶ್ನಿ. ಹತ್ತಿ ಸಾವ್ಕಾರ್ರ ಮನಿಯಾಗ ಗಾದಿಗೆ ಬರ ಅದೇನು? ಮೊಣಕಾಲು ಮುಣುಗೂವಂಥಾ ಎರಡು ಹೊಸ ಗಾದಿ ಕೇಳಿ ತಂದು ಹಾಸಿದೆ. ಅದರ ಮ್ಯಾಲೆ ಕದ ಇಟ್ಟೆ. ಚಿಲಕದ ತೂತು ಕಾಣಬಾರ್ದಂತ ಮ್ಯಾಲೆ, ಕೆಳಗಿನ ಗಾದಿನೂ ಮುಚ್ಚೂವಂಗ, ದಪ್ಪನ ಜಮಖಾನಿ ಹೊಚ್ಚಿದೆ. ಮೂರು ಹೆಜ್ಜಿ ಹಿಂದ ಸರದು ನೋಡಿದೆ. ನವಾಬನ ದರ್ಬಾರು ಕಂಡಂಗ ಕಂಡಿತು. ಮಂದಿ ಮುಂದ ಛಲೋ ಕಾಣಂಗಿಲ್ಲಂತ ಮಣಿಕಟ್ಟಿಗೆ ಕಟ್ಟೂ ದಾರನೂ ಕಿಸೆದಾಗೇ ಇಟಗೊಂಡೆ.

ಕೂಸಿಗೆ ಹೆಸ್ರಿಟ್ಟ ಕೂಡ್ಲೇ ಅಕ್ಕೋರು ಬಂದು ಕುಂತು ತೊಟ್ಲ ಹಾಡು ಎತ್ತಿಕೊಂಡ್ರು. ಹನುಮಂತ ಪೇಟಿ ಹಿಡದ. ನೀಲವ್ವ ಮೊದಲ್ನೇ ಸುತ್ತು ಬಾರಿಸಿದ್ಲು, ಖರೇ ಹೇಳ್ತೀನಿ, ಅದು ಅಕ್ಕೋರ ಮಾರಿ ನೋಡಿ ಬಾರಿಸಿದ್ದು. ಎರಡನೇ ಸುತ್ತಿಗೆ ಆಕಿ ಕಾಲು ಜಮಖಾನಿ ಮ್ಯಾ‍ಲೆ ಹುಡುಕ್ಯಾಡಾಕ ಹತ್ತಿದ್ವು. ಅಕ್ಕೋರ ಹಿಮ್ಮಡ ಬೀಳಾಕತ್ತದ, ಆದ್ರ ದಬ್ ಅನ್ನವಲ್ದು. ಹಿಟ್ಟಿನ ಮುದ್ದಿಗೆ ಗುದ್ದಿದಂಗ. ನೀಲವ್ವನ ಕೈ ಹಿಂದ ಬಿತ್ತು, ಮುಂದ ಓಡಿತು, ಗಾಳ್ಯಾಗ ನಿಂತಿತು. ಆಕಿ ಕೆಳಗ ನೋಡಿ, ತನಗ ತಿಳದಷ್ಟು ಜೋರಾಗಿ, ಅಂದ್ರ ಮಾನ್ವಿ ಊರ ಅಗಸಿ ಬಾಗಲತನಕ ಕೇಳೂವಂಗ, ಒದರಿದ್ಲು:

“ಸತ್ತದ! ಕದ ಸತ್ತದ!”

ಕೂಸಿನ ತೊಟ್ಲ ಮುಂದ ಸತ್ತದ ಅನ್ನೂ ಮಾತು. ಮುದುಕೇರು ಎದಿ ಮ್ಯಾಲೆ ಕೈ ಇಟಗೊಂಡ್ರು. ಹಾಡು ನಿಂತಿತು. ಆ ಗಪ್ಪಿನೊಳಗ ಕೂಸಿನ ತಾಯಿಯ ಅಪ್ಪ, ಬೀಗರ ಪೈಕಿ ಹಿರ್ಯಾರು, ಫಕ್ಕನ ನಕ್ರು. ಅವರ ಹಿಂದ ಇನ್ನಿಬ್ಬರು. ನೀಲವ್ವಗ ನಗಿ ಕೇಳಲಿಲ್ಲ, ಆದ್ರ ಹಲ್ಲು ಕಂಡ್ವು. ಆಕಿ ತಿರುಗಿ ಅಪ್ಪನ್ನ ನೋಡಿದ್ಲು. ಸಾವ್ಕಾರ್ರ ಮಾರಿ ಬಿಳಚಿತ್ತು.

ಅಕ್ಕೋರು ನನ್ನ ಕಡೀಕ ತಿರುಗಿದ್ರು. ಉರ್ದು ಬರ್ತದ ಅಂತ ನಾನು ಕಣ್ಣು ಮುಚ್ಚಿದೆ. ಬರಲಿಲ್ಲ. ತಣ್ಣಗ ಕೇಳಿದ್ರು.

“ಕೆಳಗ ಏನು ಹಾಕಿದಿ?”

“ಗಾದಿ ರೀ.”

“ಯಾಕ?”

“ಮರ್ಯಾದಿಗೆ ರೀ.”

ಇನ್ಯಾರರೆ ಆಗಿದ್ರ ಮುಚ್ಚಿ ಹಾಕ್ತಿದ್ರು. ಹುಡುಗಿಗೆ ಮೈಯಾಗ ಆರಾಮಿಲ್ಲ ಅಂತಿದ್ರು. ಅಕ್ಕೋರು ಎದ್ದು ನಿಂತು ಸೆರಗು ಸೊಂಟಕ್ಕ ಸಿಗಿಸಿದ್ರು. ಈ ಹುಡುಗಿ ಕಾಲಿನಿಂದ ಕೇಳ್ತಾಳ, ಕದದ ಮ್ಯಾಲೆ ನನ್ನ ಹಿಮ್ಮಡ ಬಿದ್ರ ಆಕಿಗೆ ಮುಟ್ತದ, ಈ ಶಾಣ್ಯಾ ಅದರ ಕೆಳಗ ಗಾದಿ ತುರುಕ್ಯಾನ, ತಪ್ಪು ಗಾದೀದು, ಹುಡುಗೀದಲ್ಲ ಅಂತ ಎಲ್ಲಾರಿಗೂ ಕೇಳೂವಂಗ ಹೇಳಿದ್ರು. ಹೇಳಿ, “ನನಗ ಎರಡು ಮಣಿ ಬೇಕು,” ಅಂದ್ರು.

ಯಾರೂ ಅಲುಗಾಡಲಿಲ್ಲ. ಮಣಿ ಅಂದ್ರ ಬೀಗರ ಮರ್ಯಾದಿ, ಅದರ ಮ್ಯಾಲಿಂದ ಯಾರನ್ನ ಎಬ್ಬಸ್ತೀರಿ? ನಾನು ಓಡಿ ಹೋಗೂ ದಾರಿ ನೋಡಾಕತ್ತಿದ್ದೆ. ಅಷ್ಟರಾಗ ಸಾವ್ಕಾರ್ರು ಎದ್ರು. ತಾವು ಕುಂತಿದ್ದ ಮಣಿ ತಾವೇ ಎತ್ಕೊಂಡು ಬಂದು ಅಕ್ಕೋರ ಮುಂದ ಇಟ್ರು. ಆಮ್ಯಾಲೆ ಆ ನಕ್ಕ ಬೀಗರ ಮುಂದ ಹೋಗಿ ನಿಂತು ಕೈ ಮುಗದ್ರು.

“ಬೀಗರೇ, ಸ್ವಲ್ಪ ಏಳ್ರಿ. ನನ್ನ ಮಗಳಿಗೆ ಬೇಕಾಗ್ಯದ.”

ಬೀಗರು ಎದ್ರು. ಏಳದ ಏನು ಮಾಡ್ತಾರ?

ಗಾದಿ ಜಗ್ಗಿ ಗ್ವಾಡಿಗೆ ಒಗದ್ವಿ. ಜಮಖಾನಿ ಸುತ್ತಿ ಮೂಲಿಗೆ ಇಟ್ವಿ. ಮಣಿ ಮ್ಯಾಲೆ ಕದ ಬಂತು, ಚಿಲಕದ ತೂತು ಎಲ್ಲಾರಿಗೂ ಕಾಣೂವಂಗ. ಸಾವ್ಕಾರ್ರಿಗೆ ಕೂಡಾಕ ಮಣಿ ಇರಲಿಲ್ಲ, ಬರೀ ನೆಲದ ಮ್ಯಾಲೆ, ಕದದ ಬಾಜೂಕ ಕುಂತ್ರು. ಅಕ್ಕೋರು ಹಿಮ್ಮಡ ಹಾಕಿದ್ರು. ದಬ್. ನೀಲವ್ವನ ಭುಜ ಇಳೀತು, ಕಣ್ಣು ಮುಚ್ಚಿತು, ಕೈ ಎದ್ದಿತು.

ಮುಂದಿಂದು ನನಗ ಬರ್ಯಾಕ ಬರಂಗಿಲ್ಲ. ಆಕಿ ಬಾರಿಸಿದ್ಲು. ನಡುವ ನಾನು ನೋಡ್ತೀನಿ, ಸಾವ್ಕಾರ್ರ ಕೈ ಮೆಲ್ಲಕ ಕದದ ಅಂಚಿಗೆ ಬಂದದ. ಅಂಗೈ ಪೂರಾ ಊರಿ ಕುಂತಾರ. ಮಗಳು ಎಲ್ಲಿ ಕೇಳ್ತಾಳೋ ಅಲ್ಲಿ ಅವರೂ ಕೇಳಾಕತ್ತಾರ. ಹಾಡು ಕಡೀ ಸುತ್ತಿಗೆ ಬಂತು. ನೀಲವ್ವ ಕಣ್ಣು ತೆರೀಲಿಲ್ಲ. ಸಾವ್ಕಾರ್ರು ಉಸಿರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಕ್ಕೋರು ಸಮಕ್ಕ ಬಂದು ಹಾಡು ನಿಲ್ಸಿದ್ರು.

ನೀಲವ್ವನ ಎರಡೂ ಕೈ ಗಾಳ್ಯಾಗ ನಿಂತ್ವು. ಒಂದು ಪೆಟ್ಟು ಹೆಚ್ಚಿಲ್ಲ, ಒಂದು ಪೆಟ್ಟು ಕಡಿಮಿ ಇಲ್ಲ.

ಆ ನಿಶ್ಶಬ್ದದೊಳಗ, ಎಲ್ಲಾ ಮುಗದಮ್ಯಾಲೆ, ನನ್ನ ಕೈಯಾಗಿನ ತಾಳ ಝಣ್ ಅಂತು.

ಪಡಸಾಲಿಗೆ ಪಡಸಾಲಿನೇ ನಕ್ಕಿತು. ಬೀಗರು ಗ್ವಾಡಿ ಹಿಡಕೊಂಡು ನಕ್ರು. ತೊಟ್ಲಾಗಿನ ಕೂಸು ಎದ್ದು ಅಳಾಕ ಹತ್ತಿತು. ನೀಲವ್ವ ಕಣ್ಣು ತೆರದು, ಎಲ್ಲಾರೂ ಯಾರನ್ನ ನೋಡಿ ನಗಾಕತ್ತಾರ ಅಂತ ಹುಡುಕಿ, ನನ್ನ ಕೈ ನೋಡಿ ಎಲ್ಲಾರಿಗಿಂತ ಜೋರಾಗಿ ನಕ್ಕಳು. ಸಾವ್ಕಾರ್ರು ನಕ್ಕೋಂತ ಕಣ್ಣು ಒರಿಸ್ಕೊಂಡ್ರು. ಹುಡುಗಿ ಸಲುವಾಗಿ ಬೇಕಂತಲೇ ಬಾರಿಸಿದೆ ಅಂತ ನಾನು ಊರಾಗ ಹೇಳ್ಕೊಂಡು ತಿರುಗೀನಿ. ಹನುಮಂತ ಒಬ್ಬನೇ ನಂಬಿಲ್ಲ, ಅವಗ ನನ್ನ ತಾಳ ಗೊತ್ತು.

ಸಾವ್ಕಾರ್ರು ಅಕ್ಕೋರ ಹತ್ರ ಬಂದು, ನಾಳಿ ಮುಂಜಾನಿ ಮೋಟಾರಿಗೆ ಹೋಗ್ತೀರೇನು ಅಂತ ಕೇಳಿದ್ರು. ಹೌದ್ರಿ ಅಂದ್ರು ಅಕ್ಕೋರು.

“ಹಂಗಾದ್ರ ಮಗಳಿಗೂ ಜಾಗ ಹಿಡೀರಿ. ಇನ್ನ ವರ್ಷ ಗಿರ್ಷ ನಾ ಕೇಳಂಗಿಲ್ಲ. ಆಕಿ ಸಾಕು ಅನ್ನೂತನಕ ಕಲಿಸ್ರಿ.”

ಅಕ್ಕೋರು ಒಂದು ತಂಬಿಗಿ ನೀರು ಕೇಳಿ ಗಟಗಟ ಕುಡದ್ರು. ಕೂಡಾಕ ಜಾಗ ಹುಡುಕಿದ್ರು. ಗ್ವಾಡಿಗೆ ನಾವು ಒಗದಿದ್ದ ಗಾದಿ ಕಂಡ್ವು. ಅದರ ಮ್ಯಾಲೆ ಕುಂತ್ರು. ಆಮ್ಯಾಲೆ ಒರಗಿದ್ರು. ಆಮ್ಯಾಲೆ, ಬೀಗರು ಬಿಜ್ಜರು ಎಲ್ಲಾರ ಮುಂದ, ಹಾಡು ಹಗಲಾಗ, ಗೊರಕಿ ಹೊಡ್ಯಾಕ ಹತ್ತಿದ್ರು. ಹಿಮ್ಮಡ ಸುಮ್ಮನಾಗಿದ್ದು ನಾನು ಅದೇ ಮೊದಲ್ನೇ ಸಲ ನೋಡಿದ್ದು. ಊಟಕ್ಕ ಎಬ್ಬಸಾಕ ಬಂದ ಹೆಣ್ಮಕ್ಕಳನ್ನ ಬೀಗರೇ ಕೈ ಸನ್ನಿ ಮಾಡಿ ಕಳಿಸಿದ್ರು, ಮಲಗ್ಲಿ ಬಿಡ್ರಿ ಅಂತ.

ನೀಲವ್ವ ಕದ ಇಳದು ಬಂದು ಅಕ್ಕೋರ ಬಾಜೂಕ ಕುಂತ್ಲು. ಅಂಗೈ ಅವರ ಬೆನ್ನಿಗೆ ಊರಿದ್ಲು. ಸ್ವಲ್ಪ ಹೊತ್ತು ತಲಿ ಬಾಗಿಸಿ ಕುಂತು, ಇನ್ನೊಂದು ಕೈ ಬೆರಳಿಂದ ತನ್ನ ಮೊಣಕಾಲ ಮ್ಯಾಲೆ ಮೆಲ್ಲಕ ಬಾರಸಾಕ ಶುರು ಮಾಡಿದ್ಲು. ಗೊರಕಿ ಏರಿದ್ರ ಬೆರಳು ಏರ್ತಾವ, ಇಳದ್ರ ಇಳೀತಾವ. ಹನುಮಂತ ಕಿವಿ ನಿಗುರಿಸಿ ಕೇಳಿದ. “ಲಯ ಖಡಕ್ ಅದ,” ಅಂದ ಮೆಲ್ಲಕ, ಪೇಟಿ ಮ್ಯಾಲೆ ಬೆರಳಾಡಿಸಿ ಆ ಗೊರಕಿ ಶ್ರುತಿ ಹುಡುಕಿ ಒಂದು ಮನಿ ಒತ್ತಿ ಹಿಡದ. ನಾನೂ ಕೂಡಬೇಕಂತ ತಾಳ ಎತ್ತಿದೆ. ಇಬ್ಬರೂ ಕೂಡೇ ನನ್ನ ಕೈ ಹಿಡಕೊಂಡ್ರು.